ಲೆನ್ಸಿನ ಮೇಲಿನ ನೇರಳೆ

ಮದುವೆ ಮನೆಗಳಲ್ಲಿ ನನ್ನನ್ನು ಬಲ್ಲವರು ನಾನು ಹತ್ತಿರ ಬಂದರೆ ತಮ್ಮ ಕ್ಯಾಮೆರಾವನ್ನು ಬೆನ್ನ ಹಿಂದೆ ಅಡಗಿಸುತ್ತಾರೆ. ಇದು ಉತ್ಪ್ರೇಕ್ಷೆಯಲ್ಲ. ವರನ ಚಿಕ್ಕಪ್ಪನೋ ವಧುವಿನ ಸೋದರಮಾವನೋ ಕೊಲ್ಲಿ ದೇಶದಿಂದ ತಂದ ಹೊಸ ಕ್ಯಾಮೆರಾದ ಲೆನ್ಸನ್ನು ಶರ್ಟಿನ ತುದಿಯಿಂದ ಒರೆಸುವುದು ನನ್ನ ಕಣ್ಣಿಗೆ ಬಿದ್ದರೆ ಮುಗಿಯಿತು. ನನ್ನ ಕೆಲಸವನ್ನು ಅಲ್ಲಿಗೇ ಬಿಟ್ಟು ಅವರ ಮುಂದೆ ಹೋಗಿ ನಿಲ್ಲುತ್ತೇನೆ. "ಅದು ಎಂತ ಮಾರಾಯ್ರೆ, ಊಟದ ಬಟ್ಟಲಾ ಒರೆಸ್ಲಿಕ್ಕೆ?" ಎಂದು ಕೇಳುತ್ತೇನೆ. ಪಾಪ, ಅವರು ಕೇಕು ಕತ್ತರಿಸುವುದನ್ನು ತೆಗೆಯಲು ನಿಂತಿರುತ್ತಾರೆ. ಕೇಕು ಕತ್ತರಿಸಿ ಹಂಚಿ ಆಗುವವರೆಗೂ ನನ್ನ ಪಾಠ ನಡೆಯುತ್ತದೆ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲದಿಂದ ಮಂಗಳೂರಿನ ಮದುವೆಗಳ ಫೋಟೊ ತೆಗೆಯುತ್ತಿದ್ದೇನೆ. ಅದರಲ್ಲಿ ಎಷ್ಟು ಹೊತ್ತು ಫೋಟೊ ತೆಗೆದೆ, ಎಷ್ಟು ಹೊತ್ತು ಜನರಿಗೆ ಬೈದೆ ಎಂದು ಯಾರಾದರೂ ಕೇಳಿದರೆ ನನ್ನ ಹೆಂಡತಿ ಸರಿಯಾದ ಉತ್ತರ ಕೊಟ್ಟಾಳು.

ನನಗೆ ಕೋಪ ಮೂಗಿನ ತುದಿಯಲ್ಲೇ. ಆದರೆ ಈ ಒಂದು ವಿಷಯದಲ್ಲಿ ಕೋಪಕ್ಕೆ ಕಾರಣವಿದೆ. ಒಂದು ಒಳ್ಳೆಯ ಲೆನ್ಸನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಗಾಜಿನ ಮೇಲೆ ನೇರಳೆ ಬಣ್ಣದ ಹೊಳಪು ಕಾಣುತ್ತದೆ. ಸ್ವಲ್ಪ ವಾಲಿಸಿದರೆ ಹಸಿರಾಗುತ್ತದೆ. ಅದು ಎಣ್ಣೆಯ ಜಿಡ್ಡಲ್ಲ, ಕಾರ್ಖಾನೆಯಲ್ಲಿ ಗಾಜಿಗೆ ಪದರ ಪದರವಾಗಿ ಹಚ್ಚಿದ ಲೇಪ. ಬರಿಯ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಿಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಕತ್ತಲಾದ ಮೇಲೆ ಬಸ್ಸಿನ ಕಿಟಕಿಯಲ್ಲಿ ನಮ್ಮ ಮುಖ ನಮಗೇ ಕಾಣುವುದು ಅದರಿಂದಲೇ. ಒಂದು ಲೆನ್ಸಿನೊಳಗೆ ಎಂಟೋ ಹತ್ತೋ ಗಾಜುಗಳಿರುತ್ತವೆ. ಎಲ್ಲವೂ ಹೀಗೆ ಬೆಳಕನ್ನು ಅತ್ತಿತ್ತ ಎಸೆದಾಡಿದರೆ ಚಿತ್ರ ಮಂಜು ಕವಿದಂತೆ ಮಂಕಾಗುತ್ತದೆ, ವರನ ಕಪ್ಪು ಕೋಟು ಬೂದಿ ಬಣ್ಣಕ್ಕೆ ತಿರುಗುತ್ತದೆ. ಲೇಪ ಹಾಗಾಗಲು ಬಿಡದೆ ಬೆಳಕನ್ನು ಒಳಗೆ ಕಳಿಸುತ್ತದೆ. ಒಳಗೆ ಹೋಗದೆ ಉಳಿದ ಚೂರೇ ನಮ್ಮ ಕಣ್ಣಿಗೆ ನೇರಳೆಯಾಗಿ ಕಾಣುವುದು.

ಲೇಪ ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳು. ಗಟ್ಟಿಯೇನೋ ಹೌದು, ಆದರೆ ಧೂಳಿನ ಕಣವೊಂದನ್ನು ಬಟ್ಟೆಯಡಿಯಲ್ಲಿಟ್ಟು ಉಜ್ಜಿದರೆ ಉಳಿಯುವುದಿಲ್ಲ. ಅದಕ್ಕೇ ಒರೆಸುವುದಕ್ಕೊಂದು ಕ್ರಮವಿದೆ. ಮೊದಲು ರಬ್ಬರಿನ ಬ್ಲೋವರಿನಿಂದ ಗಾಳಿ ಹಾಕಬೇಕು. ಬಾಯಿಯಿಂದ ಊದಿದರೆ ಎಂಜಲು ಹಾರುತ್ತದೆ. ಗಾಳಿಗೆ ಹೋಗದ್ದನ್ನು ಮೆತ್ತನೆಯ ಬ್ರಶ್ಶಿನಿಂದ ಎಬ್ಬಿಸಬೇಕು. ಅದಕ್ಕೂ ಬಗ್ಗದ ಕಲೆಗೆ ಮಾತ್ರ ಬಟ್ಟೆ. ಲೆನ್ಸ್ ಒರೆಸುವ ದ್ರವವನ್ನು ಬಟ್ಟೆಗೆ ಹಾಕಬೇಕೇ ಹೊರತು ಗಾಜಿಗೆ ಹಾಕಬಾರದು, ಹಾಕಿದರೆ ಅಂಚಿನಿಂದ ಒಳಗಿಳಿಯುತ್ತದೆ. ಆಮೇಲೆ ನಡುವಿನಿಂದ ಅಂಚಿಗೆ ಸುತ್ತು ಸುತ್ತಾಗಿ, ಒತ್ತದೆ. ಅನಗತ್ಯವಾಗಿ ಒರೆಸದಿರುವುದು ಎಲ್ಲಕ್ಕಿಂತ ಒಳ್ಳೆಯದು. ಇಷ್ಟನ್ನು ನಾನು ನಿದ್ದೆಯಲ್ಲೂ ಹೇಳುತ್ತೇನಂತೆ, ನನ್ನ ಹೆಂಡತಿಯ ದೂರು.

ನಮ್ಮ ಮನೆ ಕಾವೂರಿನಲ್ಲಿ, ಕೆರೆಯಿಂದ ಸ್ವಲ್ಪ ಮೇಲೆ. ಹಿಂಬದಿಯ ಕೋಣೆಯೇ ನನ್ನ ಸ್ಟುಡಿಯೊ. ಜೂನ್ ಬಂತೆಂದರೆ ಈ ಊರಿನಲ್ಲಿ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ, ಇನ್ನು ಲೆನ್ಸಿನ ಗತಿ ಹೇಳಬೇಕೇ. ಮಳೆಗಾಲವಿಡೀ ಕಪಾಟಿನಲ್ಲಿ ಸಣ್ಣ ಬಲ್ಬು ಉರಿಸಿಟ್ಟು, ತೇವ ಹೀರುವ ಪುಡಿಯ ಪೊಟ್ಟಣ ಬದಲಿಸುತ್ತಾ ನಾನು ಅವುಗಳನ್ನು ಕಾಯುತ್ತೇನೆ. "ನಾನು ಸೀನಿದರೆ ಇವರಿಗೆ ಕೇಳಿಸುವುದಿಲ್ಲ, ಕಪಾಟಿನ ಬಲ್ಬು ಆರಿದ್ರೆ ಮಾತ್ರ ಓಡಿ ಬರ್ತಾರೆ" ಎಂದು ಹೆಂಡತಿ ಬಂದವರೆದುರು ನನ್ನ ಮಾನ ಕಳೆಯುತ್ತಾಳೆ. ಅವಳು ಹೈಸ್ಕೂಲಿನ ಟೀಚರ್. ತಮಾಷೆಯನ್ನೂ ಪಾಠದ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಾಳೆ.

ಆರು ವರ್ಷದ ಹಿಂದೆ ಅವಳು ಶಾಲೆಯ ಮೆಟ್ಟಿಲಲ್ಲಿ ಜಾರಿ ಕೈ ಮುರಿದುಕೊಂಡಾಗ ಎರಡು ವಾರಕ್ಕೆಂದು ಅವಳ ತಾಯಿ ಬಂದರು. ಕೈ ಕೂಡಿತು, ಅತ್ತೆ ಉಳಿದರು. ಹೋಗುತ್ತೇನೆಂದು ಅವರೂ ಹೇಳಲಿಲ್ಲ, ಯಾವಾಗ ಹೋಗುತ್ತೀರಿ ಎಂದು ನಾವೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ ಅವರು ಬಂದ ಮೇಲೆ ನಮ್ಮ ಮನೆಯಲ್ಲಿ ಮೀನು ಮೀನಿನ ರುಚಿಗೆ ಬಂತು. ನಮ್ಮದು ಕೊಂಕಣಿ ಮಾತಾಡುವ ಕ್ರೈಸ್ತ ಕುಟುಂಬ. ಅತ್ತೆಯನ್ನು ನಾನು ಮಾಂಯ್ ಎಂದು ಕರೆಯುತ್ತೇನೆ, ಅವರು ನನ್ನನ್ನು ಪುತಾ, ಮಗನೇ, ಎನ್ನುತ್ತಾರೆ. ಮನೆಯೊಳಗಿನ ಮಾತೆಲ್ಲ ಕೊಂಕಣಿಯೇ ಆದರೂ ಇಲ್ಲಿ ಅದನ್ನು ನಮ್ಮ ಊರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅತ್ತೆ ನರ್ಸ್ ಆಗಿದ್ದವರು. ಇಲ್ಲಿ ಕೆಲವು ವರ್ಷ, ಕೊಲ್ಲಿಯಲ್ಲಿ ಬಹಳ ವರ್ಷ, ಹೆಚ್ಚಿನ ಕಾಲವೆಲ್ಲ ಆಪರೇಷನ್ ಥಿಯೇಟರಿನಲ್ಲೇ. ಈಗ ಎಪ್ಪತ್ತು ದಾಟಿದೆ. ಆದರೂ ಪಕ್ಕದ ಮನೆಯವರ ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು ಅವರೇ. ಪಕ್ಕದ ಮನೆಯವರು ಸಿಟಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು, ಸಕ್ಕರೆ ಕಾಯಿಲೆಯವರು. ಪಾದದ ಗಾಯ ಒಣಗಿತು ಎನ್ನುವಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ತೆರೆದುಕೊಳ್ಳುತ್ತದೆ. ವಾರಕ್ಕೆ ಮೂರು ದಿನ ಬೆಳಿಗ್ಗೆ ಹತ್ತು ಗಂಟೆಗೆ ಅತ್ತೆ ಸ್ಟೀಲಿನ ಟ್ರೇ ಹಿಡಿದು ಕಂಪೌಂಡಿನ ಚಿಕ್ಕ ಗೇಟು ದಾಟುತ್ತಿದ್ದರು. ಹೋಗುವಾಗ ಅವರ ನಡಿಗೆಯೇ ಬೇರೆ, ಡ್ಯೂಟಿಗೆ ಹೊರಟವರ ನಡಿಗೆ. "ಸಿಸ್ಟರ್ ಮುಟ್ಟಿದ್ರೆ ನೋವೇ ಗೊತ್ತಾಗುವುದಿಲ್ಲ" ಎಂದು ಡ್ರೈವರು ಇಡೀ ಬೀದಿಗೆ ಸಾರಿದ್ದರು. ಅದನ್ನು ಕೇಳಿ ಅತ್ತೆ ಮುಖ ಬಿಗಿ ಮಾಡಿಕೊಂಡು ಖುಷಿಪಡುತ್ತಿದ್ದರು.

ಅಂಥವರಿಗೆ ನನ್ನ ಸ್ಟುಡಿಯೊದ ಮೇಲೆ ಕಣ್ಣು ಬೀಳದಿರುತ್ತದೆಯೇ? ಬ್ಯಾಗು, ಬೆಲ್ಟು, ಟ್ರೈಪಾಡಿನ ಕಾಲು, ಎಲ್ಲವನ್ನೂ ಅವರು ಒರೆಸಿ ಫಳಫಳ ಮಾಡಿದರು. ಗಾಜನ್ನು ಮಾತ್ರ ನಾನು ಬಿಟ್ಟುಕೊಡಲಿಲ್ಲ. "ಇದೊಂದು ನನಗೆ ಇರ್ಲಿ ಮಾಂಯ್" ಎಂದಿದ್ದೆ. "ಆಯ್ತು, ನಿನ್ನ ಕೆಲಸಕ್ಕೆ ನಾನು ಬರುವುದಿಲ್ಲ" ಎಂದು ನಕ್ಕು ಸುಮ್ಮನಾಗಿದ್ದರು.

ಎರಡು ವರ್ಷದ ಹಿಂದೆ, ಈಸ್ಟರ್ ಕಳೆದ ಮೇಲಿನ ಮದುವೆಗಳ ಕಾಲದಲ್ಲಿ, ಕುಲಶೇಖರದ ಒಂದು ಮನೆಯಲ್ಲಿ ರೋಸ್ ಇತ್ತು. ನಮ್ಮಲ್ಲಿ ಮದುವೆಯ ಹಿಂದಿನ ಸಂಜೆ ವರನನ್ನೋ ವಧುವನ್ನೋ ಕೂರಿಸಿ ಬಂಧುಬಳಗವೆಲ್ಲ ಸರದಿಯಲ್ಲಿ ಬಂದು ತಲೆಗೆ ತೆಂಗಿನೆಣ್ಣೆ ಹಚ್ಚಿ ತೆಂಗಿನ ಹಾಲು ಎರೆಯುತ್ತಾರೆ, ಅದೇ ರೋಸ್. ಹಿರಿಯರು ಶಿಲುಬೆಯ ಗುರುತು ಹಾಕಿ ಮೆಲ್ಲಗೆ ಹಚ್ಚುತ್ತಾರೆ. ಆಮೇಲೆ ಗೆಳೆಯರ ಸರದಿ ಬಂದಾಗ ಹಾಲು ಎಲ್ಲಿಗೆ ಹೋಗುತ್ತದೆಂದು ಹೇಳಲಾಗುವುದಿಲ್ಲ. ವರನ ಕಣ್ಣು ಮುಚ್ಚಿದ ಮುಖ ಬೇಕೆಂದು ನಾನು ಎಂಬತ್ತೈದು ಮಿಲಿಮೀಟರಿನ ಲೆನ್ಸ್ ಹಿಡಿದು ಹತ್ತಿರ ಹೋಗಿದ್ದೆ. ಅದು ನನ್ನ ಪ್ರೀತಿಯ ಲೆನ್ಸ್, ಮುಖಗಳನ್ನು ತೆಗೆಯಲು ಅದರಂಥದ್ದು ಇನ್ನೊಂದಿಲ್ಲ. ಅಷ್ಟರಲ್ಲಿ ಒಬ್ಬ ಗೆಳೆಯ ಚೊಂಬು ಎತ್ತಿ ಬೀಸಿದ. ಅರ್ಧ ವರನ ತಲೆಗೆ, ಅರ್ಧ ನನ್ನ ಲೆನ್ಸಿಗೆ.

ಅವನಿಗೆ ಬೈಯುವುದನ್ನು ಬೈದು, ಲೆನ್ಸಿಗೆ ಮುಚ್ಚಳ ಹಾಕಿ ಚೀಲದೊಳಗಿಟ್ಟೆ. ಉಳಿದದ್ದನ್ನು ಬೇರೆ ಲೆನ್ಸಿನಲ್ಲಿ ಮುಗಿಸಿದೆ. ಮನೆಗೆ ಬಂದಾಗ ಕಾಲು ಸೋತುಹೋಗಿತ್ತು. ಬೆಳಿಗ್ಗೆ ಕ್ರಮವಾಗಿ ಒರೆಸಿದರಾಯಿತೆಂದು ಅದನ್ನು ಮೇಜಿನ ಮೇಲೆ ತೆರೆದಿಟ್ಟು ಮಲಗಿದೆ.

ಅತ್ತೆ ದಿನಾ ಐದಕ್ಕೆ ಏಳುವವರು. ಬೆಳಗಿನ ಪೂಜೆಗೆ ಇಗರ್ಜಿಗೆ, ಎಂದರೆ ಚರ್ಚಿಗೆ, ಹೊರಡುವ ಮೊದಲು ಸ್ಟುಡಿಯೊದ ಬಾಗಿಲು ತೆರೆದಾಗ ತೆಂಗಿನ ಹಾಲು ಹುಳಿದ ವಾಸನೆ ಬಂತಂತೆ. ಮೇಜಿನ ಮೇಲೆ ಇರುವೆಯ ಸಾಲು ಲೆನ್ಸಿನ ಕಡೆಗೆ ಹೊರಟಿತ್ತಂತೆ. ಇನ್ನೇನು, ಇರುವೆ ಒಳಗೆ ಹೋದರೆ ಅಳಿಯನ ಗತಿ ಏನು ಎಂದು ಅವರು ತಮ್ಮ ಡಬ್ಬಿಯಿಂದ ಹತ್ತಿಬಟ್ಟೆ ತೆಗೆದು, ಸ್ಪಿರಿಟ್ಟಿನಲ್ಲಿ ಅದ್ದಿ, ಲೆನ್ಸನ್ನು ಒರೆಸಿ, ಬಿಳಿ ಬಟ್ಟೆ ಹಾಸಿ ಅದರ ಮೇಲಿಟ್ಟು ಇಗರ್ಜಿಗೆ ಹೋದರು.

ಅವರು ವಾಪಸು ಬರುವ ಹೊತ್ತಿಗೆ ನಾನು ಕಿಟಕಿಯ ಬಳಿ ಲೆನ್ಸ್ ಹಿಡಿದು ನಿಂತಿದ್ದೆ. ನೇರಳೆಯ ನಡುವೆ, ಸ್ವಲ್ಪ ಬಲಕ್ಕೆ, ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಬಣ್ಣವೇ ಇರಲಿಲ್ಲ. ಅಲ್ಲಿ ಕಿಟಕಿ ಕಿಟಕಿಯಂತೆಯೇ ಬೆಳ್ಳಗೆ ಹೊಳೆಯುತ್ತಿತ್ತು. ಲೇಪ ಹೋಗಿತ್ತು. ಪಕ್ಕದಲ್ಲಿ ಸ್ಪಿರಿಟ್ಟಿನ ಬಾಟಲಿ, ಹತ್ತಿಬಟ್ಟೆ. ಇನ್ನು ಸಾಕ್ಷಿ ಯಾಕೆ ಬೇಕು?

ಬಾಯಿಗೆ ಬಂದಂತೆ ಮಾತಾಡಿದೆ. ಎಲ್ಲ ನೆನಪಿಲ್ಲ, ನೆನಪಿರುವುದೇ ಸಾಕಷ್ಟಿದೆ. "ಇದು ನಿಮ್ಮ ಆಪರೇಷನ್ ಥಿಯೇಟರ್ ಅಲ್ಲ. ಗಾಯ ಒರೆಸುವ ಕೈಯಲ್ಲಿ ಇದನ್ನು ಮುಟ್ಲಿಕ್ಕೆ ಯಾರು ಹೇಳಿದ್ದು ನಿಮಗೆ?" ಎಂದದ್ದಂತೂ ನೆನಪಿದೆ. ತಲೆಯ ಮೇಲಿನ ಸೆರಗನ್ನು ಇನ್ನೂ ತೆಗೆಯದೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಏನೋ ಹೇಳಲು ಬಾಯಿ ತೆರೆದರು. ನಾನು ಬಿಡಲಿಲ್ಲ. ಕೊನೆಗೆ ಆ ಬಿಳಿ ಬಟ್ಟೆಯನ್ನು ನಾಲ್ಕಾಗಿ ಮಡಚಿ, "ಇನ್ನು ಮುಟ್ಟುವುದಿಲ್ಲ ಪುತಾ" ಎಂದು ಒಳಗೆ ಹೋದರು. ಹೆಂಡತಿ ಇಡ್ಲಿಯ ತಟ್ಟೆಯನ್ನು ಮೇಜಿಗೆ ಕುಕ್ಕಿ ಹೋದಳು.

ಅಂದಿನ ಮದುವೆಯಲ್ಲೇ ಲೆನ್ಸಿನ ಹಣೆಬರಹ ಗೊತ್ತಾಯಿತು. ಬೆಳಕು ಬೆನ್ನ ಹಿಂದಿದ್ದಾಗ ಚಿತ್ರಕ್ಕೆ ಏನೂ ತೊಂದರೆಯಿಲ್ಲ. ಆದರೆ ಪೀಠದ ಮೇಲಿನ ಮೇಣದ ಬತ್ತಿಗಳು ಎದುರಿಗೆ ಬಂದರೆ ಚಿತ್ರದ ಬಲಭಾಗ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತಿತ್ತು. ಪಕ್ಕಕ್ಕೆ ಸರಿದು, ಕೈಯನ್ನು ನೆರಳಿಗೆ ಹಿಡಿದು ಹೇಗೋ ಮುಗಿಸಿದೆ.

ಅತ್ತೆ ಮುನಿಸಿಕೊಳ್ಳುವವರಲ್ಲ. ಎರಡು ದಿನದಲ್ಲಿ ಎಂದಿನಂತೆ ಬಂಗುಡೆ ಹುರಿದು ಬಡಿಸಿದರು. ನಾನೂ ಎಲ್ಲ ಸರಿಹೋಯಿತೆಂದು ಹೊಟ್ಟೆ ತುಂಬ ತಿಂದೆ. ಸ್ಟುಡಿಯೊದ ಬಾಗಿಲಿನೊಳಗೆ ಮಾತ್ರ ಅವರು ಕಾಲಿಡಲಿಲ್ಲ. ಚಹಾವನ್ನು ಹೊಸ್ತಿಲ ಹೊರಗಿನ ಸ್ಟೂಲಿನ ಮೇಲಿಟ್ಟು ಕರೆಯುತ್ತಿದ್ದರು. ಕೆಲಸಕ್ಕೆ ಅಡ್ಡಿಯಿಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ. ಅಂಥ ದಡ್ಡ ನಾನು.

ಮಳೆ ನಿಂತ ಮೇಲೆ, ಸೆಪ್ಟೆಂಬರಿನಲ್ಲಿ, ಲೆನ್ಸನ್ನು ಹಂಪನಕಟ್ಟೆಯ ಒಬ್ಬ ರಿಪೇರಿಯವರ ಬಳಿ ಒಯ್ದೆ. ಓಣಿಯೊಂದರಲ್ಲಿ ಮರದ ಮೆಟ್ಟಿಲು ಹತ್ತಿ ಹೋಗುವ ಅಂಗಡಿ. ಅವರಿಗೂ ವಯಸ್ಸಾಗಿದೆ, ಮಾತು ಬಹಳ ಕಡಿಮೆ. ಲೆನ್ಸನ್ನು ಮೇಜುದೀಪದ ಕೆಳಗೆ ಹಿಡಿದು, ಭೂತಗನ್ನಡಿ ಕಣ್ಣಿಗೊತ್ತಿ ಬಹಳ ಹೊತ್ತು ನೋಡಿದರು.

"ಇದು ಹೊಸದಾಗಿ ಹಚ್ಲಿಕ್ಕೆ ಆಗುವುದಿಲ್ಲ," ಎಂದರು. "ಮುಂದೆ ನೆರಳಿಗೆ ಹುಡ್ ಹಾಕಿ, ಬೆಳಕಿಗೆ ಎದುರು ಹಿಡಿಯಬೇಡಿ. ಹಾಗೆಯೇ ನಡೀತದೆ."

"ಸ್ಪಿರಿಟ್ಟಿಂದ ಆದದ್ದು," ಎಂದೆ ನಾನು.

"ಯಾರು ಹೇಳಿದ್ದು? ಸ್ಪಿರಿಟ್ಟಲ್ಲಿ ಒಂದು ಸಲ ಒರೆಸಿದ್ರೆ ಹೀಗೆ ಆಗುವುದಿಲ್ಲ." ಅವರು ತಲೆಯೆತ್ತದೆ ಗಾಜಿನ ಮೇಲೆ ಬೆರಳನ್ನು ಮುಟ್ಟಿಸದಂತೆ ಸುತ್ತಿಸಿ ತೋರಿಸಿದರು. "ಗೀರು ನೋಡಿ, ಎಲ್ಲ ಒಂದೇ ಜಾಗದಲ್ಲಿ. ಯಾರೋ ಒಣಬಟ್ಟೆಯಲ್ಲಿ ಹೆಬ್ಬೆರಳು ಒತ್ತಿ ತುಂಬ ಸಲ ಉಜ್ಜಿದ್ದಾರೆ."

ಇದನ್ನು ಕೇಳಿದ ಯಾವನಿಗಾದರೂ ಒಂದು ಕ್ಷಣ ತನ್ನ ಮೇಲೆ ಅನುಮಾನ ಬರಬೇಕಿತ್ತು. ನನಗೆ ಬರಲಿಲ್ಲ. ಓಹೋ, ಹಾಗಾದರೆ ಅತ್ತೆ ಅದಕ್ಕೂ ಮೊದಲೇ ಗುಟ್ಟಾಗಿ ಒರೆಸುತ್ತಿದ್ದರು ಎಂದು ನನ್ನ ತಲೆ ಲೆಕ್ಕ ಹಾಕಿತು. ಮನೆಗೆ ಬಂದವನೇ, ಈ ಸಲ ಕೋಪವಿಲ್ಲದೆ, ದೊಡ್ಡ ಮನುಷ್ಯನ ಧಾಟಿಯಲ್ಲಿ ಕೇಳಿದೆ:

"ಮಾಂಯ್, ಬೇಜಾರು ಮಾಡಬೇಡಿ. ಆ ದಿನಕ್ಕಿಂತ ಮೊದಲು ನೀವು ಅದನ್ನು ಎಷ್ಟು ಸಲ ಒರೆಸಿದ್ದೀರಿ?"

ಅತ್ತೆ ಬಸಳೆ ಸೊಪ್ಪು ಬಿಡಿಸುತ್ತಿದ್ದರು. "ಒಂದೇ ಸಲ ಪುತಾ. ಆ ದಿನ ಮಾತ್ರ."

"ರಿಪೇರಿಯವರು ತುಂಬ ಸಲ ಅಂತ ಹೇಳ್ತಾರೆ. ಮರೆತಿರಬಹುದು ನೀವು."

ಅವರ ಕೈ ನಿಂತಿತು. ನನ್ನ ಮುಖವನ್ನೇ ನೋಡಿದರು. "ಒಂದೇ ಸಲ ಅಂತ ನನಗೆ ನೆನಪು," ಎಂದರು. ಮತ್ತೊಂದು ಎಲೆ ಬಿಡಿಸಿ, "ಗೊತ್ತಿಲ್ಲ ಹಾಗಾದ್ರೆ," ಎಂದರು.

ಆ ವಾರವೇ ಅವರು ಪಕ್ಕದ ಮನೆಗೆ ಹೋಗುವುದನ್ನು ನಿಲ್ಲಿಸಿದರು. ಟ್ರೇಯನ್ನು ತೊಳೆದು ಒರೆಸಿ ಕಪಾಟಿನ ಮೇಲಿಟ್ಟರು. ಹೆಂಡತಿ ಕೇಳಿದಾಗ, "ಮಾಡಿದ್ದು ನೆನಪಿರುವುದಿಲ್ಲ ನನಗೆ ಈಗ. ಅವರ ಗಾಯಕ್ಕೆ ಎಂತ ಹಾಕಿದೆ, ಎಂತ ಹಾಕ್ಲಿಲ್ಲ ಅಂತ ಮರೆತ್ರೆ ಕಾಲೇ ಹೋಗ್ತದೆ. ಬೇಡ" ಎಂದರಂತೆ. ಡ್ರೈವರು ಅಂದಿನಿಂದ ರಿಕ್ಷಾ ಮಾಡಿಕೊಂಡು ಕ್ಲಿನಿಕ್ಕಿಗೆ ಹೋಗತೊಡಗಿದರು. ಅಲ್ಲಿ ಅಂಟುಪಟ್ಟಿಯನ್ನು ಸರ್ರನೆ ಎಳೆಯುತ್ತಾರೆ ಎಂದು ಕಂಪೌಂಡಿನ ಆಚೆಯಿಂದ ದೂರು ಹೇಳುತ್ತಿದ್ದರು. ಅತ್ತೆ ಕೇಳಿಯೂ ಕೇಳದವರಂತೆ ಗಿಡಕ್ಕೆ ನೀರು ಹಾಕುತ್ತಿದ್ದರು. ಬೆಳಿಗ್ಗೆ ಹತ್ತು ಗಂಟೆಗೆ ಅವರು ಏನು ಮಾಡುವುದೆಂದು ತಿಳಿಯದೆ ಅಡುಗೆಮನೆಯಿಂದ ವರಾಂಡಕ್ಕೆ, ವರಾಂಡದಿಂದ ಅಡುಗೆಮನೆಗೆ ನಡೆಯುವುದನ್ನು ನಾನು ನೋಡುತ್ತಿದ್ದೆ. ವಯಸ್ಸಾಯಿತು, ಏನು ಮಾಡಲಾಗುತ್ತದೆ ಎಂದು ಮರುಕಪಟ್ಟೆ. ಮರುಕ! ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಕ್ರಿಸ್ಮಸ್ ಕಳೆದು ಜನವರಿ ಬಂತು. ಒಂದು ಜೋಡಿ, ಮದುವೆಯಾಗಿ ವರ್ಷವಾಯಿತೆಂದು, ಹಳೆಯ ವಿಡಿಯೊ ತುಣುಕುಗಳನ್ನೆಲ್ಲ ಸೇರಿಸಿ ನನ್ನ ಫೋನಿಗೆ ಕಳಿಸಿತು. ಹಿಂದಿನ ಜನವರಿಯಲ್ಲಿ ಅವರ ಫೋಟೊ ತೆಗೆಯಲು ತಣ್ಣೀರುಬಾವಿಯ ಸಮುದ್ರತೀರಕ್ಕೆ ಹೋಗಿದ್ದೆವು. ನಾನು ಫೋಟೊ ತೆಗೆಯುವುದನ್ನೂ ವಿಡಿಯೊದವರು ಹಿಂದಿನಿಂದ ತೆಗೆದಿದ್ದರು. ಫೋಟೊಗ್ರಾಫರನ ಫಜೀತಿ ಎಂದು ಅದಕ್ಕೊಂದು ತಮಾಷೆಯ ಸಂಗೀತ ಬೇರೆ ಹಾಕಿದ್ದರು. ಚಹಾ ಕುಡಿಯುತ್ತಾ ನಗುತ್ತಾ ನೋಡಿದೆ. ಪ್ಯಾಂಟು ಮಡಚಿಕೊಂಡು ನೀರಿನಲ್ಲಿ ನಿಂತ ಹೊಟ್ಟೆಯ ಮನುಷ್ಯ ನಾನೇ. ಅಲೆ ಬಂದು ಬಂಡೆಗೆ ಬಡಿಯುತ್ತದೆ, ತುಂತುರು ಹಾರುತ್ತದೆ. ನಾನು ಕ್ಯಾಮೆರಾ ತಿರುಗಿಸುತ್ತೇನೆ. ಎಡಗೈಯಲ್ಲಿ ಶರ್ಟಿನ ತುದಿ ಹಿಡಿದು, ಅದರೊಳಗೆ ಹೆಬ್ಬೆರಳಿಟ್ಟು, ಲೆನ್ಸನ್ನು ಉಜ್ಜುತ್ತೇನೆ. ಜೋಡಿಯ ಕಡೆ ನೋಡಿ ಏನೋ ಕೂಗುತ್ತಲೇ ಉಜ್ಜುತ್ತೇನೆ. ಇನ್ನೊಂದು ಅಲೆ. ಮತ್ತೆ ಶರ್ಟು, ಮತ್ತೆ ಹೆಬ್ಬೆರಳು.

ಚಹಾದ ಲೋಟ ಕೆಳಗಿಟ್ಟೆ. ಮತ್ತೆ ಮೊದಲಿನಿಂದ ಹಾಕಿದೆ. ಎಣಿಸಿದೆ, ಆರು ಸಲ ಉಜ್ಜಿದ್ದೆ. ಉಪ್ಪುನೀರು, ಮರಳು, ಒಣಗಿದ ಶರ್ಟು. ಲೋಕಕ್ಕೆಲ್ಲ ಬೇಡವೆಂದು ಹೇಳಿಕೊಂಡು ತಿರುಗುವ ಎಲ್ಲವನ್ನೂ ನನ್ನ ಪ್ರೀತಿಯ ಲೆನ್ಸಿಗೆ ನಾನೇ ಮಾಡುತ್ತಿದ್ದೆ, ಕೈಗೆ ಅಷ್ಟು ರೂಢಿಯಾಗಿತ್ತು, ನನಗೆ ಗೊತ್ತೇ ಇರಲಿಲ್ಲ. ಒಂದು ದಿನ ಮಾಡಿದ್ದಾಗಿರಲಿಕ್ಕಿಲ್ಲ, ಎಷ್ಟು ಬೀಚಿನಲ್ಲಿ ಎಷ್ಟು ಸಲವೋ. ಆದರೂ ಮನಸ್ಸಿನ ಮೂಲೆಯಲ್ಲಿ ಆಸೆ ಬಿಡಲಿಲ್ಲ, ಕಂಪ್ಯೂಟರಿನಲ್ಲಿ ಹಳೆಯ ಫೋಟೊ ತೆಗೆದು ನೋಡಿದೆ. ಆ ಫೆಬ್ರವರಿಯ ಒಂದು ಮದುವೆ, ರೋಸಿಗೆ ಎರಡು ತಿಂಗಳ ಮೊದಲಿನದು. ಪೀಠದ ಮೇಣದ ಬತ್ತಿಗಳ ಎದುರು ತೆಗೆದ ಚಿತ್ರಗಳಲ್ಲೆಲ್ಲ ಬಲಭಾಗದಲ್ಲಿ ಅದೇ ಬಿಳಿ. ಅಂದು ಅದನ್ನು ಧೂಪದ ಹೊಗೆ ಎಂದುಕೊಂಡು ಸರಿಪಡಿಸಿ ಕೊಟ್ಟಿದ್ದೆ. ಕಿಟಕಿಗೆ ಹಿಡಿದು ನೋಡುವ ವ್ಯವಧಾನ ಈ ಮಹಾಪಂಡಿತನಿಗೆ ಇರಲಿಲ್ಲ.

ಅಂದು ಮಧ್ಯಾಹ್ನದವರೆಗೆ ನಾನು ಸ್ಟುಡಿಯೊದಿಂದ ಹೊರಗೆ ಬರಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆಯೂ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಬಾಗಿಲ ಹೊರಗೆ ಚಹಾದ ಲೋಟ ಸ್ಟೂಲಿಗೆ ತಾಗಿದ ಸದ್ದು ಕೇಳಿಸಿತು. ಎದ್ದು ಬಾಗಿಲು ತೆರೆದೆ.

"ಒಳಗೆ ಬನ್ನಿ ಮಾಂಯ್."

"ಯಾಕೆ? ಇಲ್ಲೇ ಹೇಳು."

"ಬನ್ನಿ, ಒಂದು ತೋರಿಸ್ಲಿಕ್ಕುಂಟು."

ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಳಗೆ ಬಂದರು, ಏನಾದರೂ ತಾಗಿಬಿಟ್ಟೀತೆಂದು. ಅದನ್ನು ಕಂಡು ನನಗೆ ಸಂಕಟವಾಯಿತು. ಕುರ್ಚಿಯಲ್ಲಿ ಕೂರಿಸಿ ವಿಡಿಯೊ ಹಾಕಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. ನಾನು ಶರ್ಟಿನ ತುದಿ ಎತ್ತಿದಾಗ ಅವರ ಹುಬ್ಬು ಮೇಲೆ ಹೋಯಿತು. ಪೂರ್ತಿ ನೋಡಿ, "ಇನ್ನೊಮ್ಮೆ ಹಾಕು" ಎಂದರು. ಹಾಕಿದೆ. ಆಮೇಲೆ ಫೆಬ್ರವರಿಯ ಚಿತ್ರಗಳನ್ನು ತೋರಿಸಿ, ಅವು ಯಾವಾಗಿನವೆಂದು ಹೇಳಿ, "ಹಾಳು ಮಾಡಿದ್ದು ನಾನೇ. ನಿಮ್ಮದು ಎಂತದೂ ತಪ್ಪಿಲ್ಲ. ಸುಮ್ಮನೆ ಬೈದೆ, ಆಮೇಲೆ ಮರೆವು ಅಂತ ಕೂಡ ಹೇಳಿದೆ. ತಪ್ಪಾಯ್ತು ಮಾಂಯ್" ಎಂದೆ.

ಅವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಆ ದಿನ ಬೆಳಿಗ್ಗೆ ಒರೆಸುವ ಮೊದಲು ನಾನು ಅದನ್ನು ದೀಪಕ್ಕೆ ಹಿಡಿದು ನೋಡಿದ್ದೆ," ಎಂದರು. "ಥಿಯೇಟರಿನಲ್ಲಿ ಹಾಗೆ ಕ್ರಮ. ತೊಳೆಯುವ ಮೊದಲು ನೋಡಬೇಕು, ಮೊದಲೇ ಏನಾದ್ರೂ ಆಗಿದ್ರೆ ಗೊತ್ತಾಗ್ಲಿ ಅಂತ. ಹಾಲಿಲ್ಲದ ಕಡೆ ಎಲ್ಲ ಬಣ್ಣ ಇತ್ತು, ಒಂದು ಕಡೆ ಇರ್ಲಿಲ್ಲ. ನಾನು ನೋಡಿದ್ದೆ ಪುತಾ."

"ಮತ್ತೆ ಯಾಕೆ ಹೇಳ್ಲಿಲ್ಲ ನೀವು?"

"ಹೇಳ್ಲಿಕ್ಕೆ ಬಂದೆ, ನೀನು ಬಿಡ್ಲಿಲ್ಲ. ಆಮೇಲೆ ಯೋಚನೆ ಮಾಡಿದೆ. ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡುವವ ನೀನು. ಅಷ್ಟು ಖಂಡಿತ ಹೇಳಿದೆಯಲ್ಲ. ರಿಪೇರಿಯವರು ಕೂಡ ಹೇಳಿದ್ರು ಅಂದೆ. ಹಾಗಾದ್ರೆ ನಾನು ಕಂಡದ್ದೇ ಸರಿ ಇಲ್ಲ ಅಂತ ಮಾಡಿಕೊಂಡೆ. ಪ್ರಾಯ ಆಯ್ತಲ್ಲ."

ಬೈದದ್ದಕ್ಕೆ ಅವರು ಬೇಸರಪಟ್ಟಿದ್ದಾರೆ ಎಂದಷ್ಟೇ ನಾನು ಎಣಿಸಿದ್ದೆ. ಅವರು ನನ್ನನ್ನು ನಂಬಿದ್ದರು. ತಮ್ಮ ಕಣ್ಣಿಗಿಂತ ಹೆಚ್ಚು ನನ್ನ ಮಾತನ್ನು ನಂಬಿದ್ದರು.

"ಹಾಗಾದ್ರೆ ನಾನು ಕಂಡದ್ದು ಸರಿಯೇ?" ಎಂದರು ಅತ್ತೆ.

"ಸರಿ ಮಾಂಯ್."

"ಒಂದೇ ಸಲ ಒರೆಸಿದ್ದು ಕೂಡ ಸರಿ?"

"ಸರಿ. ಒಂದೇ ಸಲ."

ಅವರು ನನ್ನ ಚಹಾ ಹೊರಗೆ ತಣ್ಣಗಾಗಿದೆ ಎಂದು ಎದ್ದರು. ಬಾಗಿಲ ಬಳಿ ನಿಂತು, "ಒಂದೇ ಸಲ ಅಂತ ನನಗೆ ಸರಿಯಾಗಿ ನೆನಪಿತ್ತು" ಎಂದು ಮತ್ತೆ ಹೇಳಿದರು, ನನಗಲ್ಲ, ತಮಗೇ. ಸಂಜೆ ಹೆಂಡತಿ ಶಾಲೆಯಿಂದ ಬಂದ ಮೇಲೆ ವಿಡಿಯೊವನ್ನು ಅವಳಿಗೂ ತೋರಿಸಬೇಕಾಯಿತು. ಅವಳು ನಗುತ್ತಾ ಕಣ್ಣೊರೆಸಿಕೊಂಡಳು. ನಗು ಎಷ್ಟು, ಅಳು ಎಷ್ಟು ಎಂದು ನಾನು ಕೇಳಲು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಚಿಕ್ಕ ಗೇಟಿನ ಸದ್ದಾಯಿತು. ನಾನು ವರಾಂಡದಲ್ಲಿ ಬ್ಯಾಟರಿಗಳನ್ನು ಜೋಡಿಸುತ್ತಿದ್ದೆ. ಪಕ್ಕದ ಮನೆಯ ಜಗಲಿಯಲ್ಲಿ ಡ್ರೈವರು ಕಾಲು ಚಾಚಿ ಕೂತಿದ್ದರು. ಟ್ರೇ ಕಂಡೊಡನೆ ಅವರ ದನಿ ಏರಿತು.

"ಓ ಸಿಸ್ಟರೇ, ಎಂತ ಇದು! ನೆನಪಿನ ತೊಂದರೆ ಅಂತ ಹೇಳ್ತಿದ್ರಲ್ಲ, ಮದ್ದು ಮಾಡಿದ್ರಾ?"

ಅತ್ತೆ ಮಣೆ ಎಳೆದುಕೊಂಡು ಕೂತು ಹಳೆಯ ಪಟ್ಟಿಯ ಅಂಚನ್ನು ನೀರು ಹಾಕಿ ನೆನೆಸತೊಡಗಿದರು.

"ನನಗೆ ಎಂತದೂ ಆಗಿರ್ಲಿಲ್ಲ," ಎಂದರು. "ಅಳಿಯ ಹೇಳಿದ್ದನ್ನು ನಂಬಿದ್ದೆ, ಅಷ್ಟೇ. ಕಾಲು ಇತ್ತ ಕೊಡಿ."